ಉಪವಾಸದ ದಿನಗಳಲ್ಲಿ ಅಳೆದ ಬೆಕ್ಕಿನ ಪ್ರೀತಿ

ಸಾಕುಪ್ರಾಣಿಗಳ ನಡತೆಯನ್ನೂ ಕ್ಷೇಮವನ್ನೂ ಅಳೆಯುವ ಕೇಂದ್ರದ ಮಾನ್ಯ ನಿರ್ದೇಶಕರೇ,

ಬರುವ ಸೋಮವಾರದ ಹಡಗಿಗೆ ನೀವು ನಮ್ಮ ಬೆಕ್ಕನ್ನು ಹತ್ತಿಸಲು ಹೊರಟಿದ್ದೀರಿ. ಅವನಿಗೆ ಯಾವ ಮನುಷ್ಯರ ಮೇಲೂ ನೆಚ್ಚಿಕೆಯಿಲ್ಲವಂತೆ, ಆದ್ದರಿಂದ ಉತ್ತರದ ಯಾವುದೋ ಚಳಿ ದೇಶದಲ್ಲಿ, ಕದ ಹಾಕಿದ ಮನೆಯೊಳಗೆ ಅವನ ಕ್ಷೇಮ ಹೆಚ್ಚುತ್ತದಂತೆ. ಹಾಗೆಂದು ನಿಮ್ಮ ವರದಿ ಹೇಳುತ್ತದೆ. ವರದಿಯಲ್ಲಿ ಸುಳ್ಳಿದೆ ಎಂದು ನಾನು ದೂರುತ್ತಿಲ್ಲ. ಒಂದೊಂದು ಸಾಲೂ ನಿಜ, ಒಟ್ಟು ಮಾತ್ರ ಅಪ್ಪಟ ತಪ್ಪು. ಇಂಥ ಕಾಗದಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎಲ್ಲಿ ನೋಡಿದೆ ಎಂದರೆ, ಈ ಗ್ರೀಕ್ ದ್ವೀಪದ ಬಂದರಿನಲ್ಲಿ. ನಾನು ನಿವೃತ್ತ ಸುಂಕದ ಅಧಿಕಾರಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುತ್ತಾರೆ. ಎಷ್ಟೋ ಜನ ನನ್ನ ಮುಂದೆ ಹೇಳಿಕೊಂಡರು, ನಾನು ಅವರ ಪೆಟ್ಟಿಗೆ ಬಿಚ್ಚಿಸಿದೆ. ಈಗ ಸುಂಕದವನೇ ಅಳುತ್ತಾ ನಿಮ್ಮ ಬಾಗಿಲಿಗೆ ಬಂದಿದ್ದಾನೆ, ನಗುವುದಿದ್ದರೆ ನಕ್ಕುಬಿಡಿ. ಆದರೆ ಅನುಮಾನಪಡುವ ಚಟ ನಿವೃತ್ತಿಯಾದರೂ ಬಿಡಲಿಲ್ಲ.

ಬೆಕ್ಕಿನ ಹೆಸರು ಫಾರೋಸ್, ಎಂದರೆ ದೀಪಸ್ತಂಭ. ಮೈಯೆಲ್ಲ ಕರಿ, ನಿಗುರಿಸಿದ ಬಾಲದ ತುದಿಯಷ್ಟೇ ಬಿಳಿ. ನನ್ನ ಹೆಂಡತಿ ಪೊಲಿಕ್ಸೆನಿಗೆ ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತು. ಆಸ್ಪತ್ರೆಯವರು ಹಿಚುಕಲು ರಬ್ಬರ್ ಚೆಂಡು ಕೊಟ್ಟರು, ಅದನ್ನು ಅವಳು ಎಡಗೈಯಿಂದ ಕಿಟಕಿಯಾಚೆ ಎಸೆದಳು. ಒಂದು ಬೆಳಿಗ್ಗೆ ಫಾರೋಸ್ ತಾನಾಗಿಯೇ ತೊಡೆಯೇರಿ ಆ ಮುಷ್ಟಿಗೆ ತಲೆ ಉಜ್ಜತೊಡಗಿದ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಇವತ್ತಿಗೂ ಆ ಕೈ ಬಿಚ್ಚುವುದು ಅವನ ಬೆನ್ನ ಮೇಲೆ ಮಾತ್ರ. ಸೋಮವಾರ ನೀವು ಹಡಗಿಗೆ ಹತ್ತಿಸುವುದು ಏನನ್ನು ಎಂಬುದು ನಿಮಗೆ ತಿಳಿದಿರಲಿ.

ಇನ್ನು ನಿಮ್ಮ ಸಂಶೋಧನೆಗೆ ಬರೋಣ. ಬೀದಿಯಲ್ಲಿ ಓಡಾಡುವ ಬೆಕ್ಕುಗಳಿಗೆ ನಿಜವಾದ ಮನೆ ಯಾವುದೆಂದು ಕಂಡುಹಿಡಿಯಲು ಪುರಸಭೆ ನಿಮ್ಮನ್ನು ಕೇಳಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಲೋಕವೆಲ್ಲ ಕೇಳುತ್ತಿತ್ತು, ನಿಮ್ಮ ಸಂಶೋಧಕಿ ಬಂದು ಸಲೀಸಾಗಿ ಫಾರೋಸನ ಕೊರಳಿಗೆ ಕ್ಯಾಮೆರಾ ಕಟ್ಟಿ ಹೋದಳು. ಹೆಸರು ಹೇಳುವುದಿಲ್ಲ, ಒಳ್ಳೆಯ ಹುಡುಗಿ. ನಮ್ಮದು ‘ಮೊದಲನೇ ಮನೆ’ ಆಯಿತು, ಗೋಡೆಯಾಚೆಯ ರೋಜಿನಾಳದ್ದು ‘ಎರಡನೇ ಮನೆ’.

ಅವಳು ಕ್ಯಾಮೆರಾ ಕಟ್ಟಿದ್ದು ಯಾವತ್ತು? ಈಸ್ಟರ್‌ಗೆ ಮುಂಚಿನ ಏಳು ವಾರದ ದೊಡ್ಡ ಉಪವಾಸದ ಮೊದಲ ಸೋಮವಾರ. ನಾವು ಆರ್ಥೊಡಾಕ್ಸ್, ರೋಜಿನಾ ಕ್ಯಾಥೊಲಿಕ್. ನಮ್ಮ ದ್ವೀಪದಲ್ಲಿ ಇಬ್ಬರಿಗೂ ಈಸ್ಟರ್ ಒಂದೇ ಭಾನುವಾರ, ಆದರೆ ಅಲ್ಲಿಗೆ ತಲುಪುವ ದಾರಿ ಬೇರೆ. ರೋಜಿನಾ ಶುಕ್ರವಾರ ಮಾಂಸ ಬಿಟ್ಟರೆ ಮುಗಿಯಿತು. ನಮಗೆ ಮಾಂಸ, ಮೀನು, ಹಾಲು, ಮೊಟ್ಟೆ ಎಲ್ಲವೂ ವರ್ಜ್ಯ. ಪೊಲಿಕ್ಸೆನಿಯದು ಇನ್ನೂ ಒಂದು ಕೈ ಮೇಲೆ: ಅವು ಹೊಸಿಲು ದಾಟಿ ಒಳಗೇ ಬರಕೂಡದು. ಹೋದ ವರ್ಷ ಆಸ್ಪತ್ರೆಯ ಮಂಚದ ಮೇಲೂ ಕೋಳಿಸಾರು ದೂಡಿದಳು. ಕಾಯಿಲೆಯವರಿಗೆ ಉಪವಾಸವಿಲ್ಲ ಎಂದು ಪಾದ್ರಿಗಳೇ ಬಂದು ಹೇಳಿದರು. “ಸ್ವಾಮಿ, ನೀವು ನಿಮ್ಮ ಕೆಲಸ ನೋಡ್ಕೊಳ್ಳಿ. ನಂದೂ ದೇವರದ್ದೂ ಹಳೇ ಮಾತು” ಎಂದಳು.

ಇಂಥ ಮನೆಯಲ್ಲಿ ಬೆಕ್ಕಿಗೆ ಏನು ಸಿಗುತ್ತದೆ? ಹುರುಳಿಕಾಯಿ ಬೇಯಿಸಿದ ನೀರು. ಹಾಗಾಗಿ ಪ್ರತಿ ವರ್ಷ ಉಪವಾಸ ಹಿಡಿದ ದಿನವೇ ಫಾರೋಸ್ ಗೋಡೆ ಹಾರಿ ರೋಜಿನಾಳ ಅಡುಗೆಮನೆ ಸೇರುತ್ತಾನೆ, ಈಸ್ಟರ್‌ಗೆ ವಾಪಸು ಬರುತ್ತಾನೆ. ಗಂಡನ ಜೊತೆ ಜಗಳವಿಲ್ಲದೆ ಹೆಂಡತಿ ತವರಿಗೆ ಹೋಗಿಬಂದ ಹಾಗೆ. ಇದರಲ್ಲಿ ಯಾರಿಗೂ ವಿಶೇಷ ಕಂಡಿರಲಿಲ್ಲ.

ನಿಮ್ಮ ಹುಡುಗಿಗೂ ಇದು ಗೊತ್ತಾಗಬೇಕಿತ್ತು. ಪೊಲಿಕ್ಸೆನಿ ಅವಳಿಗೆ ಕಾಫಿ ಕೊಡುತ್ತಾ ಮನೆಯಲ್ಲಿ ಹಾಲಿಲ್ಲ ಎಂದಾಗ ಅವಳು, “ಬೇಡಮ್ಮ, ನಾನೂ ಉಪವಾಸ” ಎಂದಳು. ಪೊಲಿಕ್ಸೆನಿಗೆ ಹಿಗ್ಗೋ ಹಿಗ್ಗು. ನನ್ನ ಕಡೆ ತಿರುಗಿ, “ನೋಡು ಸ್ತಮಾಟಿ, ರಾಜಧಾನೀಲೂ ದೇವರಿಗೆ ಹೆದರೋರು ಇದ್ದಾರೆ” ಎಂದಳು. ಹುಡುಗಿ ಬರಿಕಾಫಿ ಕುಡಿದು, ಬಟ್ಟಲು ಕೆಳಗಿಟ್ಟು ಬರೆದದ್ದು ಇದು: ‘ಮೊದಲನೇ ಮನೆ: ಬೆಕ್ಕಿಗೆ ಹಾಲಿಲ್ಲ, ಮಾಂಸವಿಲ್ಲ. ನಿವಾಸಿಗಳ ಆಸಕ್ತಿ ಕಡಿಮೆ.’ ತಾನು ಉಪವಾಸವಿದ್ದದ್ದು ಅವಳಿಗೆ ಗೊತ್ತಿತ್ತು, ಬೆಕ್ಕೂ ಅದೇ ಊರಿನಲ್ಲಿ ಬದುಕುತ್ತದೆ ಎಂಬುದು ಹೊಳೆಯಲಿಲ್ಲ. ಇದಕ್ಕೆ ಎಷ್ಟು ವರ್ಷ ಓದಬೇಕು, ಮಾನ್ಯರೇ?

ಆಮೇಲೆ ಎರಡನೇ ಮನೆಯ ವಿಚಾರಣೆ. ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ, ಚಟ ಎಂದೆನಲ್ಲ.

“ಬೆಕ್ಕು ನಿಮ್ಮದಾ?”

“ನಮ್ದಲ್ಲಮ್ಮ, ಅವರದ್ದು. ಇಲ್ಲಿ ಊಟಕ್ಕೆ ಬರ್ತಾನೆ ಅಷ್ಟೇ” ಎಂದಳು ರೋಜಿನಾ.

“ಮಲಗೋದು ಎಲ್ಲಿ?”

“ತಿಂದು ತೇಗಿದ ಮೇಲೆ ಗೋಡೆ ಹಾರೋಕಾಗುತ್ತಾ? ಇಲ್ಲೇ.”

“ಊಟಾನೂ ಇಲ್ಲೇ, ನಿದ್ದೇನೂ ಇಲ್ಲೇ. ಮತ್ತೆ ಅವರದ್ದು ಹೇಗಾಗುತ್ತೆ?”

“ನನ್ನ ಗಂಡ ಇಡೀ ಆಯಸ್ಸು ಹಡಗಲ್ಲೇ ಉಂಡ, ಹಡಗಲ್ಲೇ ಮಲಗಿದ. ಹಾಗಂತ ಅವನನ್ನ ಕ್ಯಾಪ್ಟನ್ ಹೆಸರಿಗೆ ಬರೆದುಕೊಟ್ನಾ ನಾನು?”

ವರದಿಯಲ್ಲಿ ಇದು ಹೀಗೆ ಇಳಿದಿದೆ: ‘ಎರಡನೇ ಮನೆಯವರು ಹೊಣೆ ನಿರಾಕರಿಸಿದರು.’

ನಡುವೆ ಎರಡು ಸಲ ಫಾರೋಸ್ ನಮ್ಮಲ್ಲಿಗೆ ಬಂದು ಸಂಜೆಗೆ ಮರಳಿದ್ದನ್ನು ನಿಮ್ಮ ಕ್ಯಾಮೆರಾ ಹಿಡಿದಿದೆ. ‘ಕಾರಣ ತಿಳಿಯದು, ಹವಾಮಾನ ಇರಬಹುದು’ ಎಂದಿದ್ದೀರಿ. ಒಂದು, ದೇವದೂತ ಮರಿಯಮ್ಮನಿಗೆ ಯೇಸು ಹುಟ್ಟುವ ಸುದ್ದಿ ತಂದ ಹಬ್ಬ. ಇನ್ನೊಂದು, ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಇಡೀ ಉಪವಾಸದಲ್ಲಿ ನಮಗೆ ಮೀನು ಸಲ್ಲುವುದು ಈ ಎರಡೇ ದಿನ. ಅವತ್ತು ಗ್ರೀಸಿನ ತುಂಬಾ ಮೀನು ಕರಿಯುವ ವಾಸನೆ. ನಿಮ್ಮ ಮನೆಯಲ್ಲೂ ಕರಿದಿರುತ್ತಾರೆ, ನೀವೂ ಬೆಳ್ಳುಳ್ಳಿ ಚಟ್ನಿ ಹಚ್ಚಿಕೊಂಡು ತಿಂದು ಬೆರಳು ನೆಕ್ಕಿರುತ್ತೀರಿ. ಹವಾಮಾನವಂತೆ!

ಇಷ್ಟಾದರೆ ದಡ್ಡತನ ಎಂದು ಸುಮ್ಮನಾಗುತ್ತಿದ್ದೆ. ಆದರೆ ಬೆಕ್ಕುಗಳನ್ನು ಹೊರದೇಶಕ್ಕೆ ದತ್ತು ಕಳಿಸುವ ಸಂಘವೊಂದರ ಪುಟವನ್ನು ರೋಜಿನಾ ತನ್ನ ಫೋನಿನಲ್ಲಿ ತೋರಿಸಿದಳು. ಅಲ್ಲಿ ನಮ್ಮ ಫಾರೋಸ್ ಕೂತಿದ್ದಾನೆ, ಕೆಳಗೆ ‘ಆಸ್ಕರ್, ಮನೆ ಸಿಕ್ಕಿದೆ’ ಎಂದಿದೆ. ಆ ಪುಟದ ತಾರೀಖಿನ ಹೊತ್ತಿಗೆ ನಿಮ್ಮ ವರದಿಗೆ ಇನ್ನೂ ರುಜುವೇ ಬಿದ್ದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು ಯಾರು? ಪೆಟ್ಟಿಗೆಗಿಂತ ಮೊದಲು ಅದರ ರಸೀದಿ ಬಂದರೆ ಬಂದರಿನಲ್ಲಿ ನಾವು ಆ ಪೆಟ್ಟಿಗೆಯನ್ನು ತಳದವರೆಗೂ ಬಿಚ್ಚಿಸುತ್ತಿದ್ದೆವು. ನಿಮ್ಮದನ್ನು ಬಿಚ್ಚಿಸುವವರು ಯಾರು?

ಈಗ ನನ್ನ ಸಂಶೋಧನೆ ಕೇಳಿ. ಈಸ್ಟರ್ ಭಾನುವಾರ ನಮ್ಮ ಅಂಗಳದಲ್ಲೂ ಕುರಿಮರಿ ಸುಡುತ್ತಿತ್ತು, ರೋಜಿನಾಳ ಅಂಗಳದಲ್ಲೂ ಸುಡುತ್ತಿತ್ತು. ಎರಡೂ ಮನೆಗೆ ಒಂದೇ ಊಟ, ಒಂದೇ ಹೊಗೆ. ಫಾರೋಸ್ ಗೋಡೆಯ ಮೇಲೆ ಕೂತು ಆ ಕಡೆ ನೋಡಿದ, ಈ ಕಡೆ ನೋಡಿದ, ಈ ಕಡೆ ಇಳಿದ. ಸುಳ್ಳು ಹೇಳುವುದಿಲ್ಲ, ಮೊದಲು ಮಾಂಸದ ತುಂಡು, ಆಮೇಲೆ ಪೊಲಿಕ್ಸೆನಿ. ಅವಳ ಕೈ ಬಿಚ್ಚಿಕೊಂಡಿತು. ನಿಮ್ಮವರು ಕ್ಯಾಮೆರಾ ಬಿಚ್ಚಿಕೊಂಡು ಹೋಗಿ ಆಗಲೇ ಮೂರು ದಿನವಾಗಿತ್ತು. ಹಬ್ಬಕ್ಕೆ ಕೇಂದ್ರ ರಜೆ.

ನಿಮ್ಮ ಆದೇಶ ಓದಿ ಹೇಳಿದಾಗ ಪೊಲಿಕ್ಸೆನಿ ಅಳಲಿಲ್ಲ. “ಕಾಗದ ಬರಿ ಸ್ತಮಾಟಿ. ಮುಂದಿನ ವರ್ಷ ನಾನು ಉಪವಾಸ ಹಿಡಿಯಲ್ಲ. ಮನೇಲಿ ಮೀನಿರುತ್ತೆ, ಹಾಲಿರುತ್ತೆ, ಬಂದು ನೋಡ್ಕೊಂಡು ಹೋಗ್ಲಿ” ಎಂದಳು.

“ದೇವರಿಗೆ ಏನು ಹೇಳ್ತೀಯ?” ಎಂದೆ.

“ದೇವರಿಗೆ ಬೆಕ್ಕು ಅಂದ್ರೇನು ಅಂತ ಗೊತ್ತು. ಇವರಿಗೇ ಗೊತ್ತಿಲ್ಲ.”

ಅವಳು ಹೇಳಿದ್ದನ್ನು ಬರೆದಿದ್ದೇನೆ. ಆದರೆ ಅದನ್ನು ನೀವು ಒಪ್ಪಿಕೊಳ್ಳಬಾರದು ಎಂದು ನನ್ನ ಬೇಡಿಕೆ. ಸಾವಿನ ಬಾಯಲ್ಲೂ ಬಿಡದ ವ್ರತವನ್ನು ಒಂದು ಕಚೇರಿಗೆ ಹೆದರಿ ಬಿಡುವಂತೆ ಅವಳಿಗೆ ಮಾಡಬೇಡಿ. ಹಡಗಿನ ಆದೇಶ ರದ್ದು ಮಾಡಿ. ಮತ್ತೆ ಅಳೆಯಲೇಬೇಕಿದ್ದರೆ ಈಗ ಬನ್ನಿ, ಉಪವಾಸ ಮುಗಿದಿದೆ. ಬುಧವಾರ, ಶುಕ್ರವಾರ ಮಾತ್ರ ಬೇಡ, ಅವೂ ಉಪವಾಸವೇ. ಬರುವಾಗ ಆ ‘ಆಸ್ಕರ್’ ಯಾರೆಂದು ಹೇಳಲು ತಯಾರಾಗಿ ಬನ್ನಿ.

ಕೆಳಗಿನ ಎರಡನೇ ರುಜು ಅವಳದು. ಬಲಗೈ ಪೆನ್ನಿಗೆ ಬಿಚ್ಚಲಿಲ್ಲ. ಫಾರೋಸನನ್ನು ತೊಡೆಗೆ ಹತ್ತಿಸಿ, ಬೆರಳು ಬಿಚ್ಚುವವರೆಗೆ ಕಾದು, ಅವನ ಬೆನ್ನ ಮೇಲೆಯೇ ಕಾಗದ ಇಟ್ಟು ಹಾಕಿಸಿದೆ. ಅಕ್ಷರ ಅಲುಗಾಡಿದ್ದರೆ ಅದು ಅವಳ ಕೈ ನಡುಗಿದ್ದಲ್ಲ, ಅವನು ಉಸಿರಾಡಿದ್ದು. ಸೋಮವಾರದ ನಂತರ ಅವಳ ರುಜು ಬೇಕೆಂದು ಯಾರೂ ಕೇಳಬೇಡಿ.

ಇಂತಿ, ನಿಮ್ಮ ವರದಿಯ ಪ್ರಕಾರ ಆಸಕ್ತಿ ಕಡಿಮೆಯಿರುವ,
ಮೊದಲನೇ ಮನೆಯ
ಸ್ತಮಾಟಿಸ್ ಕಲ್ಲೋನಾಸ್
ಪೊಲಿಕ್ಸೆನಿ