ನನ್ನ ಹತ್ತೊಂಬತ್ತು ಸೋಲುಗಳು

ಡಾರ್ವಿಕ್, ಅಯೋವಾ
ಜುಲೈ 9, 1986

ಪ್ರೀತಿಯ ಗುಸ್,

ಹೇಗಿದ್ದೀಯ ಮಗೂ? ತಂಡದ ಬಸ್ಸಿನಲ್ಲಿ ಊರೂರು ಸುತ್ತಿ ಬೆನ್ನು ಹಿಡಿದುಕೊಂಡಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಹಾಟ್‌ಡಾಗ್ ಮೇಲೆ ಬದುಕಬೇಡ. ನನ್ನ ಮಂಡಿನೋವು ಹಾಗೇ ಇದೆ, ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ. ಊರಲ್ಲೆಲ್ಲ ಈಗ ನಿನ್ನದೇ ಮಾತು. ನಾನು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೇನೆ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ?

ನಮ್ಮ ಹೆರಾನ್ಸ್ ಬೇಸ್‌ಬಾಲ್ ತಂಡದ ದಾಖಲೆ ಪುಸ್ತಕವನ್ನು ವರ್ಷವರ್ಷವೂ ಗೇಟಿನಲ್ಲಿ ಮಾರುತ್ತಾರಲ್ಲ, ಅದರ ಕೊನೆಯ ಪುಟದಲ್ಲಿ ವಿಚಿತ್ರಗಳೆಲ್ಲ ಇವೆ. ಒಂದೇ ಇನ್ನಿಂಗ್ಸಿನಲ್ಲಿ ಐದು ಹಿಟ್ ಹೊಡೆದೂ ಒಂದು ರನ್ ಕಾಣದ ದಿನ, ನದಿಯಿಂದ ಹುಳದ ಹಿಂಡು ಎದ್ದು ಬಂದು ನಿಂತುಹೋದ ಪಂದ್ಯ, ಇಂಥವು. ಅವುಗಳ ಕೆಳಗೆ ನಾನಿದ್ದೇನೆ: ಸತತವಾಗಿ ಅತಿ ಹೆಚ್ಚು ಪಂದ್ಯ ಸೋತ ಪಿಚರ್, ಆರ್ವಿಡ್ ಸ್ಟೆನ್‌ರುಡ್, 1948–49, ಹತ್ತೊಂಬತ್ತು. ತಂಡ ಸೋತರೆ ಸೋಲನ್ನು ಚೆಂಡೆಸೆದ ಪಿಚರ್‌ನ ಹೆಸರಿಗೇ ಬರೆಯುತ್ತಾರಲ್ಲ. ಈ ಭೂಮಿಯ ಮೇಲೆ ನನ್ನ ಹೆಸರು ಅಚ್ಚಾಗಿರುವುದು ಅದೊಂದೇ ಕಡೆ. ಇಷ್ಟು ವರ್ಷ ಯಾರೂ ಅದರ ಹತ್ತಿರ ಸುಳಿದಿರಲಿಲ್ಲ. ಈಗ ನನ್ನ ಮಗಳ ಮಗನೇ ಹೋದ ಬೇಸಿಗೆಯಿಂದ ಹತ್ತೊಂಬತ್ತು ಸೋತು ಕೂತಿದ್ದಾನೆ. ಭಾನುವಾರ ಇನ್ನೊಂದು ಸೋತರೆ ನನ್ನ ಹೆಸರು ಹೋಗಿ ನಿನ್ನದು ಬರುತ್ತದೆ. ಅದೂ ಸ್ಟೆನ್‌ರುಡ್ ಅಂತ ಅಲ್ಲ, ಪಾವ್ಲಿಕ್ ಅಂತ. ನಿನ್ನಪ್ಪನ ಮನೆಗೆ ಮಗಳನ್ನು ಕೊಟ್ಟದ್ದು ಸಾಲದೆ ಇದನ್ನೂ ಕೊಡಬೇಕೇನು?

ಸೋಲಿನಲ್ಲೂ ಸೋಲು ಅಂತಿದೆ ಕಣೋ. ನಿನ್ನ ಜೊತೆಯವರು ನಿನಗೆ ಪಂದ್ಯಕ್ಕೆ ಎರಡು ರನ್ ಕೂಡ ಮಾಡಿಕೊಡುವುದಿಲ್ಲ. ಹಾಗಾದರೆ ಯಾರು ಎಸೆದರೂ ಸೋಲುತ್ತಾರೆ. ನನ್ನವರು ಐದು ಮಾಡಿಕೊಟ್ಟರೆ ನಾನು ಆರು ಬಿಟ್ಟುಕೊಡುತ್ತಿದ್ದೆ. ಅದಕ್ಕೆ ಮೈ ಬಗ್ಗಿಸಿ ದುಡಿಯಬೇಕು. ಕೆಲಸಕ್ಕೆ ಬಾರದವನಾಗಿದ್ದರೆ ಐದನೆಯ ಸೋಲಿಗೇ ಮನೆಗೆ ಅಟ್ಟುತ್ತಿದ್ದರು, ನಂಬಿಕೆ ಇದ್ದುದಕ್ಕೇ ಮತ್ತೆ ಮತ್ತೆ ಚೆಂಡು ಕೊಟ್ಟರು.

ಇನ್ನು ಊರಿನವರು. ನಾನು ಸೋತಾಗ ಕಡಲೆಕಾಯಿ ಸಿಪ್ಪೆಯನ್ನು ನನ್ನ ತಲೆಯ ಮೇಲೆ ಸುರಿದರು. ಕ್ಷೌರದ ಹಾಲ್‌ಸ್ಟೆನ್ ಅರ್ಧ ಗಡ್ಡ ಹೆರೆದು ಕತ್ತಿ ಕೆಳಗಿಟ್ಟು, "ಉಳಿದದ್ದು ನೀನು ಗೆದ್ದ ದಿನ ಹೆರೀತೀನಿ, ಹೋಗಪ್ಪ" ಅಂದ. ಅಜ್ಜಿಯ ಅಪ್ಪ ನಮ್ಮ ಮದುವೆಯನ್ನೇ ಮುಂದಕ್ಕೆ ಹಾಕಿದ. ನೀನು ಸೋತರೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ! ಅದೇ ಹಾಲ್‌ಸ್ಟೆನ್‌ನ ಮಗ ಅಂಗಡಿಯ ಗಾಜಿಗೆ ನಿನ್ನ ಪಟ ಅಂಟಿಸಿದ್ದಾನೆ. 'ಗುಸ್, ಇನ್ನೊಂದೇ' ಅಂತ ಬರೆದ ಟೀ ಶರ್ಟುಗಳು ಬಂದಿವೆ. ಅಜ್ಜಿಯೂ ಒಂದು ತಂದು, ಅದನ್ನು ತೊಟ್ಟುಕೊಂಡೇ ನನಗೆ ಕಾಫಿ ಕೊಡುತ್ತಾಳೆ. ನಾನು ಮುಖ ಊದಿಸಿದರೆ, "ನಿಮ್ಮ ಕಾಲದಲ್ಲಿ ಯಾರೂ ಹೊಲಿಸಲಿಲ್ಲ, ಅದಕ್ಕೆ ನಾನೇನ್ ಮಾಡ್ಲಿ" ಅನ್ನುತ್ತಾಳೆ. ಗಾಯದ ಮೇಲೆ ಬರೆ ಎಳೆದ ಹಾಗೆ.

ಆದ್ದರಿಂದ ದಯವಿಟ್ಟು ಭಾನುವಾರ ಗೆಲ್ಲು. ತಿರುಗುವ ಚೆಂಡು ಎಸೆಯುವ ಮುಂಚೆ ನೀನು ನಾಲಿಗೆ ಹೊರಗೆ ಹಾಕುತ್ತೀಯ. ಮೇಲಿನ ಸಾಲಿನಲ್ಲಿ ಕೂತ ನನಗೇ ಕಾಣುವುದು ಬ್ಯಾಟ್ ಹಿಡಿದವನಿಗೆ ಕಾಣುವುದಿಲ್ಲವೇ? ಬಾಯಿ ಮುಚ್ಚಿಕೊಂಡು ಎಸೆ. ಇದನ್ನು ಪ್ರೀತಿಯಿಂದ ಹೇಳಿದೆ ಅಂದುಕೊಳ್ಳಬೇಡ, ಶುದ್ಧ ಸ್ವಾರ್ಥ.

ದೇವರು ನಿನ್ನ ತೋಳನ್ನು ಕಾಯಲಿ. ಅಜ್ಜಿ ಮುತ್ತು ಕಳಿಸಿದ್ದಾಳೆ.

ನಿನ್ನ ತಾತ,
ಆರ್ವಿಡ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಮ್ಮನ ಫೋನ್ ಬಂತು. ಭುಜ ನೋವು ಅಂತ ಸುಳ್ಳು ಹೇಳಿ ಭಾನುವಾರದಿಂದ ಆಟವನ್ನೇ ಬಿಟ್ಟು ಕೂತುಬಿಡುತ್ತೀಯಂತೆ, ತಾತನದು ತಾತನಿಗೇ ಇರಲಿ ಅಂತ. ಕೇಳಿದ ಕೂಡಲೇ ಹೋದ ಜೀವ ಬಂದ ಹಾಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಊಟಕ್ಕೆ ಕೂತವನು ತಟ್ಟೆ ಸರಿಸಿ ಮತ್ತೆ ಪೆನ್ನು ಹಿಡಿದೆ. ಹದಿನೆಂಟು ಸೋತ ಮೇಲೆ ನಮ್ಮ ಮ್ಯಾನೇಜರ್ ನನ್ನನ್ನೂ ಪಕ್ಕಕ್ಕೆ ಕರೆದಿದ್ದ. "ಭುಜ ನೋವು ಅಂತ ಒಂದು ಮಾತು ಹೇಳ್ಬಿಡು ಆರ್ವಿಡ್, ಮರ್ಯಾದೆ ಉಳಿಯುತ್ತೆ" ಅಂದ. ನಾನು ಉಹೂಂ ಅಂದು ಹೋಗಿ ಎಸೆದೆ, ಸೋತೆ. ಅದಕ್ಕೇ ಅದು ನನ್ನದು. ನೀನು ಕೂತು ಉಳಿಸಿಕೊಟ್ಟರೆ ಅದು ನಿನ್ನ ಭಿಕ್ಷೆಯಾಗುತ್ತದೆ. ಭಾನುವಾರ ಚೆಂಡು ತೆಗೆದುಕೋ, ಗುಸ್. ನನ್ನದನ್ನು ಕಿತ್ತುಕೊಳ್ಳುವುದಾದರೆ ಎಸೆದು ಕಿತ್ತುಕೋ.