ಕುರ್ಚಿಯ ಅಡಿಭಾಗ

ಭಾನುವಾರ, ೧೪ನೇ ತಾರೀಖು

ಅಕ್ಕನ ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಲು ಯಾಕಾದರೂ ಒಪ್ಪಿದೆನೋ ಎಂದು ಬೆಳಿಗ್ಗೆಯಿಂದ ಅಳುಕು. ಅಲ್ಲಿ ಪ್ರತಿ ವಸ್ತುವಿನ ಮುಂದೆಯೂ ಒಂದು ಫಲಕ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಈ ಡೈರಿ ಗೀಚುವಷ್ಟು ಅಕ್ಷರ ಬಂದರೂ ಅಂಥ ಉದ್ದುದ್ದ ಮಾತು ಹೇಗೆ ಓದಲಿ? "ಮುಂದೆ ಇನ್ನೂ ಚೆನ್ನಾಗಿದೆ, ಬನ್ನಿ" ಎಂದು ಎರಡು ಕೋಣೆ ದಾಟಿಸಿಬಿಟ್ಟೆ.

ಮೂರನೆಯದರಲ್ಲಿ ಯಾವುದೋ ರಾಜನ ಬೆತ್ತದ ಕುರ್ಚಿ. "ಚಿಕ್ಕಮ್ಮಾ, ಏನು ಬರೆದಿದ್ದಾರೆ, ಓದು," ಎಂದಳು ಹುಡುಗಿ. ಸಿಕ್ಕಿಬಿದ್ದೆ.

ಫಲಕ ಬಿಟ್ಟು ಕುರ್ಚಿ ನೋಡಿದೆ. ಒಂಬತ್ತು ವರ್ಷದಿಂದ ನಾನು ಅಂಗಡಿಯಲ್ಲಿ ಹೆಣೆಯುವುದು ಇಂಥದ್ದನ್ನೇ ಅಲ್ಲವೇ! "ಮೇಲಿಂದ ಏನೂ ಗೊತ್ತಾಗಲ್ಲ, ಅಡಿಯಿಂದ ನೋಡಬೇಕು," ಎಂದು ಅಡ್ಡ ಕಟ್ಟಿದ್ದ ಹಗ್ಗದ ಈಚೆ ನೆಲದ ಮೇಲೆ ಇಬ್ಬರನ್ನೂ ಮಲಗಿಸಿ ನಾನೂ ಮಲಗಿದೆ. ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು. "ಹೆಣೆದವರು ಎಡಗೈಯವರು ಕಣ್ರೋ, ನನ್ನ ಹಾಗೇ."

ಬೂಟಿನ ಸದ್ದಾಯಿತು. ಕಾವಲುಗಾರ. "ಏನಮ್ಮಾ, ನಿದ್ದೆ ಮಾಡೋಕೆ ಬಂದ್ರಾ?"

ನಾನು ಗಡಬಡಿಸಿ ಏಳುವಷ್ಟರಲ್ಲಿ ಐದು ವರ್ಷದ ಗುಂಡನೇ ಗದರಿದ: "ಶ್! ನಮ್ಮ ಚಿಕ್ಕಮ್ಮ ಪಾಠ ಹೇಳ್ತಿದ್ದಾಳೆ."

ನಾನು ಎಡಗೈಯ ವಿಷಯ ಹೇಳಿದ್ದು ಕೇಳಿ ಆತ ಟೋಪಿ ತೆಗೆದು ಬಗ್ಗಿಯೇಬಿಟ್ಟ. "ಆರು ವರ್ಷದಿಂದ ಇದರ ಪಕ್ಕದಲ್ಲೇ ನಿಂತಿದ್ದೀನಿ. ಫಲಕದಲ್ಲಿ ಇದು ಇಲ್ವಲ್ಲಮ್ಮಾ!"

ಸಂಜೆ ಊಟಕ್ಕೆ ಕರೆದರೆ ಗುಂಡ ಅಕ್ಕನ ಮನೆಯ ಹಳೇ ಕುರ್ಚಿಯಡಿ ಅಂಗಾತ ಮಲಗಿದ್ದಾನೆ. "ಚಿಕ್ಕಮ್ಮಾ, ಇದನ್ನ ಹೆಣೆದಿದ್ದು ನೀನೇ!" ಎಂದು ಕೂಗಿದ. ಅವನಿಗೆ ಯಾರೂ ಹೇಳಿರಲಿಲ್ಲ. ಇನ್ನೂ ಅಕ್ಷರ ಬಾರದ ಹುಡುಗ ನನ್ನ ಗಂಟು ನೋಡಿಯೇ ನನ್ನನ್ನು ಗುರುತು ಹಿಡಿದ. ಅದನ್ನು ಇಲ್ಲಿ ಬರೆಯೋಣವೆಂದರೆ ಕಣ್ಣು ಮಂಜಾಗಿ ಅಕ್ಷರವೇ ಕಾಣುತ್ತಿಲ್ಲ.