ಅಮ್ಮನ ಥರ್ಮಾಮೀಟರ್

ಜೂನ್ ೧೪, ಮಂಗಳವಾರ

ಅಮ್ಮನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಗರ್ಭಕೋಶದ ಆಪರೇಷನ್ ಆಗಿ ಮನೆಗೆ ಬಂದವಳು, ಮತ್ತೆ ಅಡ್ಮಿಟ್ ಮಾಡುತ್ತಾರೆಂದು ಹೆದರಿ ಜ್ವರವನ್ನೇ ಮುಚ್ಚಿಟ್ಟಳು. ಮನೆಗೆ ನೋಡಲು ನರ್ಸ್ ಬರುವ ಮುಂಚೆ ಜ್ವರದ ಮಾತ್ರೆ ನುಂಗಿ ಥರ್ಮಾಮೀಟರಿಗೇ ಮಂಕುಬೂದಿ ಎರಚುತ್ತಿದ್ದಳು. ಹೊಲಿಗೆಯಲ್ಲಿ ಕೀವು ತುಂಬಿದ ಮೇಲೆ ಅಡ್ಮಿಟ್ ಮಾಡಲೇಬೇಕಾಯಿತು.

ಈಗ ಮತ್ತೆ ಮನೆಯಲ್ಲಿದ್ದಾಳೆ. ಸಕ್ಕರೆ ಕಾಯಿಲೆ, ದಪ್ಪ ಮೈ, ಹೊಲಿಗೆಯ ಮೇಲೆ ಜೋತುಬಿದ್ದ ಹೊಟ್ಟೆಯ ಮಡಿಕೆಯಲ್ಲಿ ನಿಲ್ಲುವ ಬೆವರು: ಸೋಂಕಿಗೆ ಇಷ್ಟು ಸಾಕಂತೆ. ಮಡಿಕೆ ಒದ್ದೆಯಾಗದ ಹಾಗೆ ನೋಡಿಕೊಳ್ಳಿ ಎಂದಿದ್ದಾರೆ ಡಾಕ್ಟರಮ್ಮ. ಹಾಗಾಗಿ ದಿನಾ ನಾನು ಮಡಿಕೆ ಎತ್ತಿ ಹಿಡಿಯುತ್ತೇನೆ, ಅಮ್ಮ ಟೇಬಲ್ ಫ್ಯಾನಿನ ಮುಂದೆ ಮಹಾರಾಣಿಯಂತೆ ಮಲಗಿರುತ್ತಾಳೆ.

ಇವತ್ತು ಡ್ರೆಸ್ಸಿಂಗ್ ಬಿಚ್ಚಿದರೆ ಬಟ್ಟೆಗೆ ಕೀವು ಅಂಟಿರಲಿಲ್ಲ, ವಾಸನೆಯೂ ಇರಲಿಲ್ಲ.

"ಕೈ ನೋಯಲ್ವೇನೇ?" ಎಂದಳು ಅಮ್ಮ.

"ನೋಯತ್ತೆ. ಇನ್ನೊಂದ್ಸಲ ಜ್ವರ ಮುಚ್ಚಿಟ್ರೆ ಕೈ ಬಿಟ್ಬಿಡ್ತೀನಿ ನೋಡು."

"ಒಂಬತ್ತು ತಿಂಗಳು ನಿನ್ನ ಹೊತ್ತ ಹೊಟ್ಟೆ ಕಣೇ. ಸ್ವಲ್ಪ ದಿನ ನೀನೂ ಹೊರು."

ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಹೊಲಿಗೆ ಎಳೆಯಿತೆಂದು ನನ್ನನ್ನೇ ಬೈದಳು. ಆಮೇಲೆ ತಾನಾಗಿಯೇ ಕೈಚಾಚಿ ಥರ್ಮಾಮೀಟರ್ ಕೇಳಿದಳು.

"ಮಾತ್ರೆ ನುಂಗಿಲ್ಲ. ಬೇಕಾದ್ರೆ ಎಣಿಸ್ಕೋ."

ನಾನು ಎಣಿಸಲಿಲ್ಲ.